ಕುರಿ ನೀರನ್ನು ಎಲ್ಲಿ ಬಚ್ಚಿಡುತ್ತದೆ?

ಪ್ರಶ್ನೆ: ನಮ್ಮದು ಚಳ್ಳಕೆರೆ ತಾಲ್ಲೂಕು. ಅರವತ್ತು ಕುರಿ, ನಾಲ್ಕು ಟಗರು, ಒಂದು ಎಮ್ಮೆ ಇವೆ. ಬೇಸಿಗೆಯಲ್ಲಿ ಕುರಿಗಳು ಬೆಳಿಗ್ಗೆ ಕಾವಲಿಗೆ ಹೋದರೆ ಎಷ್ಟೋ ದಿನ ಸಂಜೆವರೆಗೂ ನೀರು ಕಾಣುವುದಿಲ್ಲ. ಆದರೂ ಆರಾಮಾಗಿರುತ್ತವೆ. ಎಮ್ಮೆ ಮಾತ್ರ ಮನೆ ಮುಂದೆಯೇ ಇದ್ದು, ಬಾನಿ ತುಂಬಾ ನೀರು ಕುಡಿದರೂ ಮಧ್ಯಾಹ್ನಕ್ಕೆ ಏದುಸಿರು ಬಿಡುತ್ತದೆ. ಹಾಗಾದರೆ ಕುರಿ ನೀರನ್ನು ಮೈಯಲ್ಲಿ ಎಲ್ಲಿ ಇಟ್ಟುಕೊಂಡಿರುತ್ತದೆ? ಬೇಸಿಗೆಯಲ್ಲಿ ಕುರಿಗಳ ಮೂತ್ರ ಗಾಢ ಹಳದಿ ಇರುತ್ತದೆ, ಇದು ಕಾಯಿಲೆಯಾ? ಉಪ್ಪು ಕೊಡಬೇಕಾ? ಬಿಸಿಲಿಂದ ಬಂದ ಕುರಿಗೆ ತಕ್ಷಣ ನೀರು ಕುಡಿಸಬೇಡ ಅಂತಾರೆ ನಮ್ಮಜ್ಜ. ಇದು ನಿಜವಾ?

ಉತ್ತರ: ಒಂದೇ ಪತ್ರದಲ್ಲಿ ನಾಲ್ಕು ಪ್ರಶ್ನೆ ಕೇಳಿದ್ದೀರಿ. ನಾಲ್ಕಕ್ಕೂ ಬೇರು ಒಂದೇ ಆಗಿರುವುದರಿಂದ ಒಟ್ಟಿಗೇ ಉತ್ತರಿಸುತ್ತೇನೆ. ಚಿತ್ರದುರ್ಗ, ದಾವಣಗೆರೆ ಸೀಮೆಯಲ್ಲಿ ಪಶುವೈದ್ಯನಾಗಿ ಓಡಾಡಿದವನು ನಾನು. ಈ ನಾಲ್ಕನೇ ಪ್ರಶ್ನೆಯನ್ನು ನನಗೆ ಕೇಳದ ಹಟ್ಟಿ ಇಲ್ಲ.

ಮೊದಲು ಒಂದು ವಿಷಯ ಹೇಳಿಬಿಡುತ್ತೇನೆ. ಪ್ರಾಣಿಗಳ ಮೈಯಲ್ಲಿ ನೀರೆತ್ತುವ ಪಂಪು ಅನ್ನುವುದು ಎಲ್ಲೂ ಇಲ್ಲ. ಇರುವುದು ಉಪ್ಪನ್ನು ಅತ್ತಿತ್ತ ಸಾಗಿಸುವ ಪಂಪು ಮಾತ್ರ. ಉಪ್ಪು ಎತ್ತ ಹೋಗುತ್ತದೋ ನೀರು ಅತ್ತ ಹೋಗುತ್ತದೆ. ಇದನ್ನು ನಂಬಲು ಪ್ರಯೋಗಶಾಲೆಗೆ ಹೋಗಬೇಕಿಲ್ಲ. ಮಾವಿನಕಾಯಿ ಹೋಳಿಗೆ ಉಪ್ಪು ಬೆರೆಸಿ ಜಾಡಿಯಲ್ಲಿಟ್ಟು ಮರುದಿನ ನೋಡಿ. ನೀರು ಹಾಕದಿದ್ದರೂ ಜಾಡಿಯ ತಳದಲ್ಲಿ ನೀರು ನಿಂತಿರುತ್ತದೆ. ಹೋಳಿನ ಒಳಗಿದ್ದ ನೀರನ್ನು ಹೊರಗಿನ ಉಪ್ಪು ಎಳೆದುಕೊಂಡಿದೆ. ಅದೇ ಒಣದ್ರಾಕ್ಷಿಯನ್ನು ಬರೀ ನೀರಿನಲ್ಲಿ ನೆನೆಹಾಕಿದರೆ ಉಬ್ಬುತ್ತದೆ, ಯಾಕೆಂದರೆ ಈಗ ಸಕ್ಕರೆ ಇರುವುದು ಒಳಗೆ. ಕುರಿ, ಎಮ್ಮೆ, ಕಪ್ಪೆ, ಜಿರಲೆ, ನೀವು, ನಾನು ಎಲ್ಲರೂ ಈ ಎರಡು ಆಟಗಳ ನಡುವೆಯೇ ಬದುಕುತ್ತಿದ್ದೇವೆ.

ಕುರಿಯ ರಕ್ತದ ಉಪ್ಪಿನಂಶವೂ ನಿಮ್ಮ ರಕ್ತದ ಉಪ್ಪಿನಂಶವೂ ಹೆಚ್ಚುಕಡಿಮೆ ಒಂದೇ. ಆಸ್ಪತ್ರೆಯಲ್ಲಿ ಹಾಕುವ ಸಲೈನ್ ಬಾಟಲಿಯಲ್ಲಿ ಲೀಟರಿಗೆ 9 ಗ್ರಾಂ ಉಪ್ಪು ಇರುತ್ತದಲ್ಲ, ಆಸುಪಾಸು ಅದೇ ಹದ. ಮನುಷ್ಯರಿಗೆ ಹಾಕುವ ಸಲೈನನ್ನೇ ನಾವು ಕುರಿಗೂ ಹಾಕುತ್ತೇವೆ. ಈ ಹದ ನೂರಕ್ಕೆ ಒಂದೆರಡು ಪಾಲು ಏರಿದರೂ ಮಿದುಳಿನ ಬುಡದಲ್ಲಿರುವ ಹೈಪೋಥಲಾಮಸ್ ಅನ್ನುವ ಭಾಗಕ್ಕೆ ಗೊತ್ತಾಗುತ್ತದೆ. ಆಗ ಅದು ಎರಡು ಕೆಲಸ ಮಾಡುತ್ತದೆ. ಒಂದು, ಬಾಯಾರಿಕೆ ಹುಟ್ಟಿಸುತ್ತದೆ. ಇನ್ನೊಂದು, ಎಡಿಎಚ್ ಅನ್ನುವ ಹಾರ್ಮೋನು ಬಿಟ್ಟು ಮೂತ್ರಪಿಂಡಕ್ಕೆ ‘ನೀರು ಹಿಡಿ’ ಎಂದು ಹೇಳಿಕಳಿಸುತ್ತದೆ. ನಿಮ್ಮ ಕುರಿಗೆ ಕಾವಲಿನಲ್ಲಿ ಬಾಯಾರಿದರೂ ನೀರು ಸಿಗುವುದಿಲ್ಲ. ಹಾಗಾಗಿ ಎರಡನೇ ಕೆಲಸದ ಮೇಲೇ ಇಡೀ ದಿನ ಸಾಗಬೇಕು.

ಈ ಮೂತ್ರಪಿಂಡದ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಅದು ಕೊಳೆಯನ್ನು ಹುಡುಕಿ ಹೊರಹಾಕುವ ಜರಡಿ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಅದರ ರೀತಿಯೇ ಬೇರೆ. ಯುಗಾದಿಗೆ ಸುಣ್ಣ ಬಳಿಯುವಾಗ ಮನೆ ಸಾಮಾನೆಲ್ಲ ಅಂಗಳಕ್ಕೆ ಹಾಕಿ, ಆಮೇಲೆ ಬೇಕಾದ್ದನ್ನಷ್ಟೇ ಒಳಗೆ ತರುತ್ತೇವಲ್ಲ, ಮೂತ್ರಪಿಂಡ ಮಾಡುವುದು ಅದನ್ನೇ. ಅದೂ ದಿನವಿಡೀ. ಮನುಷ್ಯನ ಲೆಕ್ಕ ತೆಗೆದುಕೊಳ್ಳಿ. ಎರಡೂ ಮೂತ್ರಪಿಂಡ ಸೇರಿ ದಿನಕ್ಕೆ ಸುಮಾರು 180 ಲೀಟರ್ ನೀರನ್ನು ರಕ್ತದಿಂದ ಸೋಸಿ ಹೊರಗೆ ಬಿಡುತ್ತವೆ. ಮೂತ್ರವಾಗಿ ಹೋಗುವುದು ಒಂದೂವರೆ ಲೀಟರ್ ಅಷ್ಟೇ. ಉಳಿದದ್ದೆಲ್ಲ ವಾಪಸ್ ರಕ್ತಕ್ಕೆ. ನಮ್ಮ ದುರ್ಗದ ಕೋಟೆಯಲ್ಲಿ ಮೇಲಿನ ಗೋಪಾಲಸ್ವಾಮಿ ಹೊಂಡದಿಂದ ಊರೊಳಗಿನ ಸಂತೆ ಹೊಂಡದವರೆಗೆ ಒಂದು ತುಂಬಿದರೆ ನೀರು ಇನ್ನೊಂದಕ್ಕೆ ಹರಿಯುವಂತೆ ಮಾಡಿದ್ದಾರೆ. ನಡುವೆ ಅಕ್ಕ-ತಂಗಿ ಹೊಂಡ, ಸಿಹಿನೀರು ಹೊಂಡ. ಬಂಡೆ ಮೇಲೆ ಬಿದ್ದ ಮಳೆ ಸುಮ್ನೆ ಹರಿದುಹೋಗದಂತೆ ದಾರಿಯುದ್ದಕ್ಕೂ ಹಿಡಿದ ಹಾಗೆ. ಮೂತ್ರಪಿಂಡದ ಕೊಳವೆಯುದ್ದಕ್ಕೂ ಹೀಗೇ ಹಂತಹಂತವಾಗಿ ನೀರು ಹಿಡಿಯುವ ಕೆಲಸ ನಡೆಯುತ್ತದೆ.

ಹಿಡಿಯುವುದು ಹೇಗೆ? ಮತ್ತೆ ಉಪ್ಪೇ. ಆ ಕೊಳವೆ ನಡುವೆ ಹೇರ್‌ಪಿನ್ನಿನಂತೆ ಕೆಳಗಿಳಿದು ತಿರುಗಿ ಮೇಲೆ ಬರುತ್ತದೆ. ಹೆನ್ಲೆ ಕುಣಿಕೆ ಅಂತ ಹೆಸರು. ಮೇಲೇರುವ ಕಾಲಿನ ಗೋಡೆ ಉಪ್ಪನ್ನು ಸುತ್ತಲಿನ ಮಾಂಸಕ್ಕೆ ಹಾಕುತ್ತಾ ಹೋಗುತ್ತದೆ, ಆದರೆ ನೀರನ್ನು ಬಿಡುವುದಿಲ್ಲ. ಹಾಗಾಗಿ ಮೂತ್ರಪಿಂಡದ ಒಳಭಾಗ ಉಪ್ಪಿನಕಾಯಿ ಜಾಡಿಯಂತೆ ಉಪ್ಪಾಗಿರುತ್ತದೆ. ಕೊನೆಗೆ ಮೂತ್ರ ಹೊರಡುವ ಕೊಳವೆ ಅದೇ ಜಾಡಿಯ ನಡುವೆ ಹಾದುಹೋಗಬೇಕು. ಎಡಿಎಚ್ ಬಂದಿದ್ದರೆ ಆ ಕೊಳವೆಯ ಗೋಡೆಯಲ್ಲಿ ಸಣ್ಣ ಸಣ್ಣ ನೀರ್ಗಿಂಡಿಗಳು ತೆರೆದುಕೊಳ್ಳುತ್ತವೆ, ಒಳಗಿನ ನೀರು ಹೊರಗಿನ ಉಪ್ಪಿನತ್ತ ಜಾರುತ್ತದೆ. ಎಡಿಎಚ್ ಇಲ್ಲದಿದ್ದರೆ ಗಿಂಡಿ ಮುಚ್ಚಿರುತ್ತವೆ, ತೆಳು ಮೂತ್ರ ಧಾರಾಳವಾಗಿ ಹೋಗುತ್ತದೆ. ಈ ಗಿಂಡಿಗಳಿಗೆ ಅಕ್ವಾಪೊರಿನ್ ಎಂದು ಹೆಸರು. ಇವನ್ನು ಕಂಡುಹಿಡಿದ ಅಮೆರಿಕದ ಪೀಟರ್ ಅಗ್ರೆ ಅವರಿಗೆ 2003ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ಹೆಂಡ ಕುಡಿದವರು ಪದೇಪದೇ ಎದ್ದು ಹೋಗುತ್ತಾರಲ್ಲ, ಅದೂ ಇಲ್ಲಿನದೇ ಕಥೆ. ಹೆಂಡ ಎಡಿಎಚ್ಚನ್ನು ತಡೆಯುತ್ತದೆ.

ಈಗ ಕುರಿಗೆ ಬನ್ನಿ. ಎಷ್ಟೇ ಬಾಯಾರಿದ್ದರೂ ಮನುಷ್ಯನ ಮೂತ್ರ ರಕ್ತಕ್ಕಿಂತ ಸುಮಾರು ನಾಲ್ಕು ಪಟ್ಟು ಗಟ್ಟಿಯಾಗಬಹುದು, ಅಷ್ಟೇ. ಕುರಿಯದು ಹತ್ತು ಪಟ್ಟಿನ ಆಸುಪಾಸಿಗೆ ಹೋಗುತ್ತದೆ. ಅಂದರೆ ಅದೇ ಕೊಳೆಯನ್ನು ಹೊರಹಾಕಲು ನಮಗೆ ಒಂದು ಚೊಂಬು ನೀರು ಬೇಕಾದರೆ ಕುರಿಗೆ ಅರ್ಧ ಚೊಂಬೂ ಬೇಡ. ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ ಇಲ್ಲೇ ಸಿಕ್ಕಿತು. ಬೇಸಿಗೆಯ ಗಾಢ ಹಳದಿ ಮೂತ್ರ ಕಾಯಿಲೆ ಅಲ್ಲ. ಮೂತ್ರಪಿಂಡ ಕೆಲಸ ಮಾಡುತ್ತಿದೆ ಅಂತ ಅರ್ಥ. ಸಂಜೆ ನೀರು ಕುಡಿದು ರಾತ್ರಿ ರೊಪ್ಪದಲ್ಲಿ ಮಲಗಿದರೆ ಬೆಳಿಗ್ಗೆ ತಿಳಿಯಾಗಿರಬೇಕು. ಕೆಂಪಗೆ ಅಥವಾ ಕಾಫಿ ಬಣ್ಣಕ್ಕೆ ಬಂದರೆ ಮಾತ್ರ ತಡ ಮಾಡದೆ ವೈದ್ಯರಿಗೆ ತೋರಿಸಿ.

ಆದರೆ ಗಟ್ಟಿ ಮೂತ್ರಕ್ಕೆ ಒಂದು ಬೆಲೆಯೂ ಇದೆ. ಅದನ್ನು ಕಟ್ಟುವುದು ಟಗರು. ಕಾಳಗಕ್ಕೆ, ಜಾತ್ರೆಗೆ ಅಂತ ಟಗರಿಗೆ ಮೆಕ್ಕೆಜೋಳ, ಬೂಸಾ ಜಾಸ್ತಿ ಹಾಕಿ ಕೊಬ್ಬಿಸುತ್ತಾರೆ. ದಾವಣಗೆರೆ ಕಡೆ ಮೆಕ್ಕೆಜೋಳಕ್ಕೆ ಬರವಿಲ್ಲ, ಕೈ ಧಾರಾಳ. ಈ ಕಾಳಿನಲ್ಲಿ ರಂಜಕ ಜಾಸ್ತಿ, ಸುಣ್ಣದಂಶ ಕಡಿಮೆ. ಹೆಚ್ಚಾದ ರಂಜಕ ಗಟ್ಟಿ ಮೂತ್ರದಲ್ಲಿ ಮರಳಿನಂತೆ ಹರಳುಗಟ್ಟುತ್ತದೆ. ಟಗರಿನ ಮೂತ್ರನಾಳ ಉದ್ದ, ನಡುವೆ ಅಂಕುಡೊಂಕು, ತುದಿಯಲ್ಲಿ ದಾರದಷ್ಟು ಸಣ್ಣ. ಅಲ್ಲಿ ಹರಳು ಸಿಕ್ಕಿಕೊಂಡರೆ ಮೂತ್ರ ಕಟ್ಟುತ್ತದೆ. ಟಗರು ಬೆನ್ನು ಬಾಗಿಸಿ ಮುಕ್ಕರಿಯುತ್ತದೆ, ಹೊಟ್ಟೆಗೆ ಒದ್ದುಕೊಳ್ಳುತ್ತದೆ, ಹನಿ ಹನಿ ಬೀಳುತ್ತದೆ ಅಥವಾ ಏನೂ ಬೀಳುವುದಿಲ್ಲ. ಇದನ್ನು ಮಲಬದ್ಧತೆ ಅಂದುಕೊಂಡು ಎಣ್ಣೆ ಕುಡಿಸಿ ಒಂದು ದಿನ ಕಳೆದವರನ್ನು ನೋಡಿದ್ದೇನೆ. ಮೂತ್ರಚೀಲ ಒಡೆದ ಮೇಲೆ ಮಾಡುವುದಕ್ಕೆ ಹೆಚ್ಚೇನೂ ಉಳಿಯುವುದಿಲ್ಲ. ಮೂತ್ರ ಕಟ್ಟಿದ ಟಗರಿಗೆ ಬಲವಂತದಿಂದ ನೀರು ಕುಡಿಸಲೂಬೇಡಿ, ಹೋಗಲು ದಾರಿಯಿಲ್ಲದ ಕಡೆ ನೀರು ತುಂಬಿದ ಹಾಗಾಗುತ್ತದೆ. ನಿಮ್ಮ ನಾಲ್ಕು ಟಗರುಗಳಿಗೆ ಕಾಳು ಹಾಕುತ್ತೀರಾದರೆ ಮೇವು ಜಾಸ್ತಿ ಮಾಡಿ, ಖನಿಜ ಮಿಶ್ರಣದಲ್ಲಿ ಸುಣ್ಣದಂಶ ರಂಜಕದ ಎರಡರಷ್ಟಾದರೂ ಇರುವಂತೆ ನೋಡಿಕೊಳ್ಳಿ, ಬಾನಿಯಲ್ಲಿ ಹಗಲು ರಾತ್ರಿ ಶುದ್ಧ ನೀರಿರಲಿ.

ಮೊದಲ ಪ್ರಶ್ನೆ ಇನ್ನೂ ಬಾಕಿ ಇದೆ. ನೀರು ಎಲ್ಲಿದೆ? ಒಂಟೆ ಡುಬ್ಬದಲ್ಲಿ ನೀರು ಇಟ್ಟುಕೊಳ್ಳುತ್ತದೆ ಅಂತ ಹೇಳುತ್ತಾರಲ್ಲ, ಅದು ಸುಳ್ಳು. ಡುಬ್ಬದಲ್ಲಿರುವುದು ಕೊಬ್ಬು. ಕುರಿಗಾದರೋ ಒಂದು ನೀರಿನ ತೊಟ್ಟಿ ನಿಜವಾಗಿ ಇದೆ. ಅದು ಮೆಲುಕು ಹಾಕುವ ದೊಡ್ಡ ಹೊಟ್ಟೆ. 40 ಕೆಜಿ ಕುರಿಯ ದೊಡ್ಡ ಹೊಟ್ಟೆಯಲ್ಲಿ ನಾಲ್ಕೈದು ಕೆಜಿ ಸರಕು ಇರುತ್ತದೆ. ಅದರಲ್ಲಿ ನೂರಕ್ಕೆ 85 ಪಾಲು ನೀರೇ. ಸಂಜೆ ಗೋಕಟ್ಟೆಯಲ್ಲಿ ಕುಡಿದ ನೀರು ಅಲ್ಲಿ ತುಂಬಿರುತ್ತದೆ, ಮರುದಿನ ಬಿಸಿಲೇರಿದಂತೆ ನಿಧಾನವಾಗಿ ರಕ್ತಕ್ಕೆ ಇಳಿಯುತ್ತಾ ಹೋಗುತ್ತದೆ. ಸಿನಾಯ್, ನೆಗೆವ್ ಮರುಭೂಮಿಯ ಬೆಡೋಯಿನ್ ಜನ ಸಾಕುವ ಕಪ್ಪು ಮೇಕೆ ಇದರಲ್ಲಿ ಎಲ್ಲರಿಗಿಂತ ಮುಂದೆ. ನಾಲ್ಕು ದಿನಕ್ಕೊಮ್ಮೆ ನೀರು ಕಂಡರೂ ಬದುಕುತ್ತದೆ, ಮೈತೂಕದ ಕಾಲು ಭಾಗ ಕಳೆದುಕೊಂಡರೂ ನಿಂತಿರುತ್ತದೆ. ನೀರು ಸಿಕ್ಕಿತೆಂದರೆ ತನ್ನ ತೂಕದ ನೂರಕ್ಕೆ 40 ಪಾಲಿನವರೆಗೂ ಒಂದೇ ಸಲಕ್ಕೆ ಕುಡಿಯುತ್ತದೆ. 60 ಕೆಜಿ ತೂಕದ ಮನುಷ್ಯ ಒಂದು ಕೊಡ ಮುಗಿಸಿ ಇನ್ನೊಂದಕ್ಕೆ ಕೈಹಾಕಿದ ಹಾಗೆ. ಅಷ್ಟೂ ನೀರು ಮೊದಲು ದೊಡ್ಡ ಹೊಟ್ಟೆಯಲ್ಲಿ ನಿಂತು, ಸ್ವಲ್ಪ ಸ್ವಲ್ಪವಾಗಿ ರಕ್ತಕ್ಕೆ ಸೇರುತ್ತದೆ. ಅಜ್ಜನ ಮಾತಿಗೆ ಬಂದಾಗ ಈ ‘ಸ್ವಲ್ಪ ಸ್ವಲ್ಪ’ ನೆನಪಿರಲಿ.

ತೊಟ್ಟಿ ಎಮ್ಮೆಗೂ ಇದೆ, ಅದೂ ದೊಡ್ಡದೇ. ಹಾಗಿದ್ದರೂ ಎಮ್ಮೆ ಯಾಕೆ ಸೋಲುತ್ತದೆ? ತೊಟ್ಟಿ ಒಂದಿದ್ದರೆ ಸಾಲದು, ಸೋರಿಕೆಯೂ ಕಡಿಮೆ ಇರಬೇಕು. ಎಮ್ಮೆ ಸಗಣಿ ಮತ್ತು ಕುರಿ ಹಿಕ್ಕೆಯನ್ನು ಪಕ್ಕಪಕ್ಕ ಇಟ್ಟು ನೋಡಿ. ಸಗಣಿಯಲ್ಲಿ ನೂರಕ್ಕೆ ಸುಮಾರು 80 ಪಾಲು ನೀರು. ಹಿಕ್ಕೆಯಲ್ಲಿ ಅರ್ಧದಷ್ಟು, ಬರಗಾಲದಲ್ಲಿ ಅದಕ್ಕಿಂತಲೂ ಕಡಿಮೆ. ಕುರಿಯ ದೊಡ್ಡಕರುಳು ಚಕ್ಕುಲಿಯಂತೆ ಸುತ್ತಿಕೊಂಡಿರುತ್ತದೆ. ಆ ಸುತ್ತಿನುದ್ದಕ್ಕೂ ಉಪ್ಪನ್ನು ಒಳಗೆಳೆದುಕೊಂಡು, ಅದರ ಹಿಂದೆ ನೀರನ್ನೂ ಎಳೆದುಕೊಂಡು, ಕೊನೆಗೆ ಕಾಳುಕಾಳಾಗಿ ಉದುರಿಸುತ್ತದೆ. ನೀವು ಗೊಬ್ಬರ ಅಂತ ಗುಡ್ಡೆ ಹಾಕುವುದು ನೀರು ಹಿಂಡಿಕೊಂಡು ಬಿಟ್ಟ ಚರಟ.

ಇನ್ನು ಹಾಲು. ಎಮ್ಮೆ ಹತ್ತು ಲೀಟರ್ ಹಾಲು ಕೊಟ್ಟರೆ ಅದರಲ್ಲಿ ಎಂಟು ಲೀಟರಿಗಿಂತ ಹೆಚ್ಚು ನೀರೇ. ಬೇಸಿಗೆಯಲ್ಲಿ ದೊಡ್ಡ ಕುರಿಗೆ ದಿನಕ್ಕೆ ನಾಲ್ಕರಿಂದ ಆರು ಲೀಟರ್ ನೀರು ಸಾಕು. ಹಾಲು ಕೊಡುವ ಎಮ್ಮೆಗೆ 60-70 ಲೀಟರ್ ಆದರೂ ಬೇಕು.

ಎಲ್ಲಕ್ಕಿಂತ ದೊಡ್ಡ ಖರ್ಚು ಮೈ ತಂಪು ಮಾಡಿಕೊಳ್ಳುವುದು. ಒಂದು ಲೀಟರ್ ನೀರು ಮೈಮೇಲೆ ಆರಿದರೆ ಸುಮಾರು 580 ಕಿಲೋಕ್ಯಾಲರಿ ಶಾಖ ಹೊರಹೋಗುತ್ತದೆ. ಇದಕ್ಕಿಂತ ಒಳ್ಳೆ ಉಪಾಯ ಇಲ್ಲ, ಆದರೆ ಕೈಯಲ್ಲಿ ನೀರಿರಬೇಕು. ಎಮ್ಮೆ ಚರ್ಮ ಕಪ್ಪು, ಬಿಸಿಲು ಹೀರುತ್ತದೆ. ಮೈಮೇಲೆ ಕೂದಲು ವಿರಳ, ಅಡ್ಡಗೋಡೆಯೇ ಇಲ್ಲ. ಹೋಗಲಿ ಅಂದರೆ ಬೆವರು ಗ್ರಂಥಿಯೂ ಹಸುವಿಗಿರುವುದಕ್ಕಿಂತ ತುಂಬಾ ಕಡಿಮೆ. ಬೆವರು ಒಳಗಿಂದ ಬಾರದಿದ್ದ ಮೇಲೆ ನೀರನ್ನು ಹೊರಗಿಂದ ಹಚ್ಚಿಕೊಳ್ಳಬೇಕು. ಎಮ್ಮೆ ಕೆಸರಿನಲ್ಲಿ ಬೀಳುವುದು ಸೋಮಾರಿತನಕ್ಕಲ್ಲ. ಕೆಸರು ಬರೀ ನೀರಿಗಿಂತ ನಿಧಾನವಾಗಿ ಆರುತ್ತದೆ, ತಂಪು ಹೆಚ್ಚು ಹೊತ್ತು ಇರುತ್ತದೆ. ಚಳ್ಳಕೆರೆಯಂಥ ಒಣ ಸೀಮೆಯಲ್ಲಿ ಬೇಸಿಗೆಯ ಕೆಸರುಗುಂಡಿ ಎಲ್ಲಿಂದ ಬರಬೇಕು, ಅಲ್ವಾ? ಹಾಗಾಗಿ ಇಷ್ಟು ಮಾಡಿ. ಎಮ್ಮೆಗೆ ಬೆಳಿಗ್ಗೆ ಹತ್ತರ ಮೇಲೆ ನೆರಳು ಕೊಡಿ. ಮಧ್ಯಾಹ್ನ ಎರಡು ಮೂರು ಸಲ ಮೈಮೇಲೆ ನೀರು ಎರಚಿ, ಇಲ್ಲವೇ ಒದ್ದೆ ಗೋಣಿಚೀಲ ಹೊದಿಸಿ. ಕುಡಿದ 20 ಲೀಟರಿಗಿಂತ ಮೈಮೇಲೆ ಬಿದ್ದ ಐದು ಲೀಟರ್ ಆ ಹೊತ್ತಿನಲ್ಲಿ ಹೆಚ್ಚು ಕೆಲಸ ಮಾಡುತ್ತದೆ.

ಕುರಿಗೆ ಉಣ್ಣೆ ಇದೆ. ಬಿಸಿಲಿಗೆ ಕಂಬಳಿ ಹೊದ್ದವರನ್ನು ಕಂಡರೆ ಪೇಟೆಯವರು ನಗುತ್ತಾರೆ. ಆದರೆ ಚಳ್ಳಕೆರೆ ಕಂಬಳಿ ಹೊದ್ದು ಏಪ್ರಿಲ್ ಬಿಸಿಲಲ್ಲಿ ನಿಲ್ಲುವ ಕುರಿಗಾಹಿಗೆ ಅದರ ಗುಟ್ಟು ಗೊತ್ತು. ಉಣ್ಣೆಯ ಹೊರತುದಿ ಮುಟ್ಟಲಾಗದಷ್ಟು ಕಾದಿರುತ್ತದೆ, ಆ ಶಾಖ ಚರ್ಮ ತಲುಪುವ ಮೊದಲೇ ಗಾಳಿಗೆ ಹೋಗಿಬಿಡುತ್ತದೆ. ಮಧ್ಯಾಹ್ನ ಕುರಿಗಳು ಗುಂಪುಗೂಡಿ ಒಂದರ ಹೊಟ್ಟೆ ಕೆಳಗೆ ಇನ್ನೊಂದು ತಲೆ ತೂರಿಸಿ ನಿಲ್ಲುವುದನ್ನೂ ನೋಡಿರುತ್ತೀರಿ. ತಲೆ ಬಹಳ ಮುಖ್ಯ. ಕುರಿ, ಮೇಕೆ, ಜಿಂಕೆ ಜಾತಿಯ ಮಿದುಳಿನ ಬುಡದಲ್ಲಿ ರಕ್ತನಾಳಗಳ ಒಂದು ಬಲೆ ಇದೆ. ಉಸಿರಾಡಿ ತಂಪಾದ ಮೂಗಿನಿಂದ ಬರುವ ರಕ್ತ ಅಲ್ಲಿ ಮಿದುಳಿಗೆ ಹೋಗುವ ಬಿಸಿ ರಕ್ತವನ್ನು ತಣಿಸುತ್ತದೆ. ಮೈ ಕಾದಿದ್ದರೂ ಮಿದುಳಿಗೆ ಅಷ್ಟು ಬಿಸಿ ತಟ್ಟುವುದಿಲ್ಲ. ಬೆವರು, ಏದುಸಿರಿಗೆ ಅಪ್ಪಣೆ ಕೊಡಬೇಕಾದ್ದು ಮಿದುಳೇ ತಾನೇ? ಅದು ತಂಪಾಗಿದ್ದರೆ ಅಪ್ಪಣೆ ತಡವಾಗುತ್ತದೆ, ಅಷ್ಟು ನೀರು ಉಳಿಯಿತು. ನನಗೆ ಇಡೀ ವಿಷಯದಲ್ಲಿ ತುಂಬಾ ಇಷ್ಟವಾಗುವುದು ಇದೇ.

ಹಾಗಂತ ಕಾಡಿನ ಪ್ರಾಣಿಗಳೆಲ್ಲ ನೀರಿಲ್ಲದೆ ಇರಬಲ್ಲವು ಅಂದುಕೊಳ್ಳಬೇಡಿ. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗ ವನ್ಯಧಾಮ ಇರುವುದೇ ಕೊಂಡುಕುರಿಗಾಗಿ. ನಾಲ್ಕು ಕೊಂಬಿನ ಆ ಪ್ರಾಣಿ ಕುರುಚಲು ಕಾಡಿನಲ್ಲಿದ್ದರೂ ನೀರನ್ನು ಬಿಟ್ಟು ದೂರ ಹೋಗುವುದಿಲ್ಲ, ತಪ್ಪದೆ ಕುಡಿಯಬೇಕು. ಅದೇ ಶೇಂಗಾ ಹೊಲದ ಬದುವಿನಲ್ಲಿ ಬಿಲ ತೋಡಿ ಕುಳಿತ ಇಲಿಯನ್ನು ನೋಡಿ, ಅದು ಗೋಕಟ್ಟೆಗೆ ಹೋಗಿದ್ದನ್ನು ಯಾರಾದರೂ ಕಂಡಿದ್ದೀರಾ? ತಿಂದ ಕೊಬ್ಬು ಮೈಯಲ್ಲಿ ಉರಿದರೆ ನೀರು ಹುಟ್ಟುತ್ತದೆ. ಒಂದು ಗ್ರಾಂ ಕೊಬ್ಬಿಗೆ ಒಂದು ಗ್ರಾಮಿಗಿಂತ ಚೂರು ಹೆಚ್ಚೇ. ಅಮೆರಿಕದ ಮರುಭೂಮಿಯಲ್ಲಿ ಕಾಂಗರೂ ಇಲಿ ಅಂತ ಒಂದಿದೆ. ಅದು ಒಣ ಬೀಜ ತಿಂದುಕೊಂಡು ನೀರೇ ಕುಡಿಯದೆ ಬದುಕುತ್ತದೆ. ಅದರ ಮೂತ್ರ ರಕ್ತಕ್ಕಿಂತ ಸುಮಾರು 18 ಪಟ್ಟು ಗಟ್ಟಿ. ಹಗಲೆಲ್ಲ ಬಿಲದ ತೇವದಲ್ಲೇ ಇರುತ್ತದೆ. ಅದರ ಮೂಗು ಎಷ್ಟು ತಂಪು ಅಂದರೆ, ಹೊರಬಿಡುವ ಉಸಿರಿನ ಹಬೆ ಅಲ್ಲೇ ಹನಿಯಾಗಿ ವಾಪಸ್ ಸೇರುತ್ತದೆ.

ಹಕ್ಕಿ, ಹಾವು, ಹಲ್ಲಿಗಳದು ಇನ್ನೊಂದು ದಾರಿ. ತಿಂದ ಪ್ರೋಟೀನು ಕರಗಿದ ಮೇಲೆ ಸಾರಜನಕದ ಕೊಳೆ ಉಳಿಯುತ್ತದೆ. ಮೀನು ಅದನ್ನು ಅಮೋನಿಯಾ ಆಗಿ ನೀರಿಗೇ ಬಿಡುತ್ತದೆ, ಸುತ್ತ ನೀರಿರುವಾಗ ಚಿಂತೆಯೇನು? ನಾವು, ಕುರಿ, ಎಮ್ಮೆ ಯೂರಿಯಾ ಮಾಡಿ ಕಳಿಸುತ್ತೇವೆ. ಹಕ್ಕಿ, ಹಲ್ಲಿ, ಹಾವು ಯೂರಿಕ್ ಆಸಿಡ್ ಮಾಡುತ್ತವೆ. ಅದು ನೀರಿನಲ್ಲಿ ಕರಗುವುದೇ ಇಲ್ಲ ಅನ್ನುವಷ್ಟು ಕಡಿಮೆ, ಹಾಗಾಗಿ ಬಿಳಿ ಸುಣ್ಣದಂತೆ ಹೊರಬೀಳುತ್ತದೆ. ಗೋಡೆ ಬದಿಯ ಹಲ್ಲಿ ಹಿಕ್ಕೆಯ ತುದಿಯಲ್ಲಿ ಬಿಳಿ ಚುಕ್ಕೆ ಇರುತ್ತದಲ್ಲ, ಅದೇ ಅದರ ಮೂತ್ರ. ಒಂದು ಗ್ರಾಂ ಸಾರಜನಕ ಹೊರಹಾಕಲು ಅಮೋನಿಯಾ ಆದರೆ ಅರ್ಧ ಲೀಟರ್ ನೀರು ಬೇಕು, ಯೂರಿಯಾ ಆದರೆ 50 ಎಂಎಲ್, ಯೂರಿಕ್ ಆಸಿಡ್ ಆದರೆ 10 ಎಂಎಲ್ ಸಾಕು. ಕುರಿ ಇಲ್ಲೂ ಒಂದು ಜಾಣತನ ಮಾಡುತ್ತದೆ. ಮೇವು ಒಣಗಿ ಪ್ರೋಟೀನು ಕಡಿಮೆಯಾದಾಗ ಯೂರಿಯಾವನ್ನು ಮೂತ್ರಕ್ಕೆ ಬಿಡದೆ ಜೊಲ್ಲಿನ ಜೊತೆ, ರಕ್ತದ ಮೂಲಕ ದೊಡ್ಡ ಹೊಟ್ಟೆಗೇ ವಾಪಸ್ ಕಳಿಸುತ್ತದೆ. ಅಲ್ಲಿನ ಸೂಕ್ಷ್ಮಜೀವಿಗಳು ಅದರಿಂದ ಮತ್ತೆ ಪ್ರೋಟೀನು ಮಾಡುತ್ತವೆ. ನೀರೂ ಉಳಿಯಿತು, ಮೇವೂ ಆಯಿತು.

ಹಾವು ಹಾಲು ಕುಡಿಯುತ್ತದೆಯೇ ಅನ್ನುವುದನ್ನೂ ಇಲ್ಲೇ ಮುಗಿಸಿಬಿಡೋಣ, ನಾಗರಪಂಚಮಿ ಬಂದಾಗಲೆಲ್ಲ ಕೇಳುತ್ತಾರೆ. ಹಾವಾಡಿಗರು ಎಷ್ಟೋ ದಿನ ನೀರು ಕೊಡದೆ ಇಟ್ಟ ಹಾವು ಬಾಯಾರಿಕೆಗೆ ಯಾವ ದ್ರವ ಕೊಟ್ಟರೂ ಕುಡಿಯುತ್ತದೆ. ಹಾಲು ಅದರ ಆಹಾರವಲ್ಲ, ಅದಕ್ಕೆ ಆಗಿಬರುವುದೂ ಇಲ್ಲ.

ಹುಳುಗಳದ್ದು ಇನ್ನೂ ಸೋಜಿಗ. ಅಷ್ಟು ಚಿಕ್ಕ ಮೈ ಬಿಸಿಲಿಗೆ ಗಂಟೆಯೊಳಗೆ ಒಣಗಿಹೋಗಬೇಕಿತ್ತು. ಒಣಗುವುದಿಲ್ಲ, ಯಾಕೆಂದರೆ ಮೈಮೇಲೆ ಮೇಣದ ತೆಳು ಲೇಪ ಇದೆ. ನಿಮ್ಮಜ್ಜಿ ತೊಗರಿ, ಅವರೆ ಬಿತ್ತನೆ ಬೀಜಕ್ಕೆ ಬೂದಿಯೋ ಕೆಮ್ಮಣ್ಣೋ ಬೆರೆಸಿ ಇಡುತ್ತಿದ್ದರು ತಾನೇ? ಅದು ಹುಳುವಿಗೆ ವಿಷವಲ್ಲ. ಆ ನುಣ್ಣನೆ ಪುಡಿ ಹುಳುವಿನ ಮೇಣವನ್ನು ಗೀರಿ, ಹೀರಿ ತೆಗೆದುಬಿಡುತ್ತದೆ. ಹುಳು ನೀರಾರಿ ಸಾಯುತ್ತದೆ.

ಮೀನು, ಕಪ್ಪೆಗಳ ಕಷ್ಟ ತಿರುಗುಮುರುಗು. ಸೂಳೆಕೆರೆಯ ಕಾಟ್ಲಾ ಮೀನಿನ ರಕ್ತ ಕೆರೆಯ ನೀರಿಗಿಂತ ಉಪ್ಪು. ಹಾಗಾಗಿ ಕೆರೆ ನೀರು ಕಿವಿರಿನ ಮೂಲಕ ಸದಾ ಒಳಗೆ ನುಗ್ಗುತ್ತಿರುತ್ತದೆ. ಅದು ನೀರು ಕುಡಿಯುವ ಗೋಜಿಗೇ ಹೋಗುವುದಿಲ್ಲ. ದಿನವಿಡೀ ತೆಳು ಮೂತ್ರ ಹೊರಹಾಕುತ್ತಾ, ಹೋದ ಉಪ್ಪನ್ನು ಕಿವಿರಿನಿಂದ ಹೆಕ್ಕಿಕೊಳ್ಳುತ್ತಾ ಇರಬೇಕು. ಸಮುದ್ರದ ಮೀನು ಇದಕ್ಕೆ ಉಲ್ಟಾ. ನೀರಲ್ಲೇ ಇದ್ದು ಬಾಯಾರಿ, ಉಪ್ಪುನೀರು ಕುಡಿದು, ಉಪ್ಪನ್ನು ಕಿವಿರಿನಿಂದ ಉಗುಳುತ್ತದೆ. ಮೀನುಮರಿ ಸಾಗಿಸುವವರು ನೀರಿಗೆ ಚೂರು ಉಪ್ಪು ಹಾಕುವುದೂ ಮರಿಯ ಈ ಹೊರೆ ಇಳಿಸಲಿಕ್ಕೆ. ಕಪ್ಪೆಯಂತೂ ಬಾಯಿಂದ ಕುಡಿಯುವುದೇ ಇಲ್ಲ. ಹೊಟ್ಟೆಯ ಚರ್ಮ ತೇವದ ಮಣ್ಣಿಗೆ ಒತ್ತಿ ಕುಳಿತರೆ ಸಾಕು, ನೀರು ಒಳಗೆ ಬರುತ್ತದೆ.

ಈಗ ಉಪ್ಪಿನ ಪ್ರಶ್ನೆ. ಹುಲ್ಲು, ಸೊಪ್ಪಿನಲ್ಲಿ ಪೊಟ್ಯಾಸಿಯಂ ಜಾಸ್ತಿ, ಸೋಡಿಯಂ ತೀರಾ ಕಡಿಮೆ. ಸೋಡಿಯಂ ಇಲ್ಲದಿದ್ದರೆ ಮೈ ನೀರನ್ನು ಹಿಡಿಯಲಾರದು. ಅದಕ್ಕೇ ಕುರಿಗಳು ಗೋಡೆ ನೆಕ್ಕುವುದು, ನಿಮ್ಮ ಬೆವರಿದ ಕೈ ನೆಕ್ಕುವುದು. ದೊಡ್ಡ ಕುರಿಗೆ ದಿನಕ್ಕೆ 8-10 ಗ್ರಾಂ ಉಪ್ಪು ಕೊಡಿ. ಆದರೆ ಕುಡಿಯುವ ನೀರಿಗೆ ಹಾಕಬೇಡಿ. ನಿಮ್ಮ ಬೋರಿನ ನೀರು ಮೊದಲೇ ಸವಳಿದ್ದರೆ ಉಪ್ಪು ಎರಡು ಕಡೆಯಿಂದ ಹೋಗುತ್ತದೆ, ಎಷ್ಟು ಹೋಯಿತೆಂಬ ಲೆಕ್ಕ ಸಿಗುವುದಿಲ್ಲ. ಹಿಂಡಿಯ ಜೊತೆ ಕೊಡಿ, ಇಲ್ಲವೇ ನೆಕ್ಕುವ ಇಟ್ಟಿಗೆ ರೊಪ್ಪದಲ್ಲಿ ಕಟ್ಟಿ. ಒಂದು ಎಚ್ಚರ ಇರಲಿ. ನೀರು ಸಿಗುವ ಸಂಜೆ ಹೊತ್ತಿಗೇ ಕೊಡಿ. ಬೆಳಿಗ್ಗೆ ಉಪ್ಪು ತಿನ್ನಿಸಿ ದಿನವಿಡೀ ನೀರಿಲ್ಲದ ಕಾವಲಿಗೆ ಅಟ್ಟಿದರೆ ಅದಕ್ಕಿಂತ ಕ್ರೂರ ಕೆಲಸ ಇಲ್ಲ.

ಅಜ್ಜನ ಮಾತು ಅರ್ಧ ನಿಜ. ಬೆಳಿಗ್ಗೆ ಕುಡಿದು ಹೋಗಿ ಸಂಜೆ ಬಂದ ದೊಡ್ಡ ಕುರಿಗೆ ನೀರು ತಡೆಯಬೇಕಿಲ್ಲ. ಮೈ ಬಿಸಿಯಿದ್ದಾಗ ತಣ್ಣೀರು ಕುಡಿದರೆ ಸಾಯುತ್ತದೆ ಅನ್ನುವುದು ಸರಿಯಲ್ಲ. ಕುಡಿದ ನೀರು ರಕ್ತಕ್ಕೆ ಸೇರುವ ಮೊದಲೇ ‘ಸಾಕು’ ಎಂದು ಗಂಟಲು, ಹೊಟ್ಟೆ ಮಿದುಳಿಗೆ ಹೇಳುತ್ತವೆ. ಕುರಿ ತಾನೇ ನಿಲ್ಲಿಸುತ್ತದೆ. ಉಳಿದ ಅರ್ಧ ನಿಜವನ್ನು ನಾನು ಕಲಿತದ್ದು ನನ್ನದೇ ತಪ್ಪಿನಿಂದ. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಲಾರಿಯಲ್ಲಿ ಎರಡು ದಿನ ನೀರಿಲ್ಲದೆ ಬಂದ ಒಂದಷ್ಟು ಕರುಗಳನ್ನು ಇಳಿಸಿಕೊಂಡೆವು. ಪಾಪ ಅನ್ನಿಸಿತು. ತೊಟ್ಟಿ ತುಂಬಿಸಿ, ಕುಡಿಯಲಿ ಬಿಡಿ ಅಂದೆ. ರಾತ್ರಿಯಾಗುವುದರೊಳಗೆ ಮೂರು ಕರುಗಳು ಕೆಂಪು ಮೂತ್ರ ಮಾಡಿದವು, ಒಂದು ತೂರಾಡಿ ಬಿತ್ತು. ಬೆಳಗಿನ ಹೊತ್ತಿಗೆ ಅದು ಉಳಿಯಲಿಲ್ಲ.

ಆಗಿದ್ದು ಇಷ್ಟು. ಎರಡು ದಿನದ ಬಾಯಾರಿಕೆಯಲ್ಲಿ ರಕ್ತ ಉಪ್ಪಾಗಿತ್ತು. ಮಿದುಳಿನ ಜೀವಕೋಶಗಳು ಅದಕ್ಕೆ ಸರಿಯಾಗಿ ತಮ್ಮೊಳಗೂ ಉಪ್ಪಿನಂಥ ಪದಾರ್ಥ ಕೂಡಿಸಿಕೊಂಡಿದ್ದವು, ಇಲ್ಲದಿದ್ದರೆ ಸುರುಟಿ ಹೋಗುತ್ತಿದ್ದವು. ಒಮ್ಮೆಲೇ ನೀರು ಬಂದಾಗ ರಕ್ತ ತೆಳುವಾಯಿತು, ಕೋಶದ ಒಳಗಿನ ಸರಕು ಹಾಗೇ ಇತ್ತು. ನೆನೆಹಾಕಿದ ದ್ರಾಕ್ಷಿಯ ಕಥೆಯೇ. ಮಿದುಳು ಉಬ್ಬಿತು. ಕೆಂಪು ರಕ್ತಕಣಗಳು ಉಬ್ಬಿ ಒಡೆದು, ಆ ಕೆಂಪು ಮೂತ್ರದಲ್ಲಿ ಬಂತು. ಚಿಕ್ಕ ಕರುವಿಗೆ ದೊಡ್ಡ ಹೊಟ್ಟೆ ಇನ್ನೂ ಪೂರಾ ಬೆಳೆದಿರುವುದಿಲ್ಲ, ನೀರನ್ನು ತಡೆದು ಸ್ವಲ್ಪ ಸ್ವಲ್ಪ ಬಿಡುವ ತೊಟ್ಟಿ ಅದಕ್ಕಿಲ್ಲ. ಒಂಟೆಯ ರಕ್ತಕಣಗಳು ಎರಡು ಪಟ್ಟಿಗೂ ಹೆಚ್ಚು ಉಬ್ಬಿದರೂ ಒಡೆಯುವುದಿಲ್ಲ. ಕರುವಿನದು ಹಾಗಲ್ಲ.

ಹಾಗಾಗಿ ಒಂದು ದಿನಕ್ಕಿಂತ ಹೆಚ್ಚು ನೀರು ಕಾಣದ ಪ್ರಾಣಿ, ದೂರದಿಂದ ಲಾರಿಯಲ್ಲಿ ತಂದ ಮರಿ, ಕರು, ಇವಕ್ಕೆ ಮಾತ್ರ ಅಜ್ಜ ಹೇಳಿದಂತೆ ಮಾಡಿ. ಮೊದಲು ನೆರಳು. ಆಮೇಲೆ ಮರಿಗೆ ಕಾಲು ಲೀಟರ್, ಕರುವಿಗೆ ಒಂದು ಲೀಟರ್ ನೀರು. ಅರ್ಧ ಗಂಟೆ ಬಿಟ್ಟು ಮತ್ತೆ ಅಷ್ಟೇ. ಹೀಗೆ ನಾಲ್ಕೈದು ಸಲ ಕೊಟ್ಟ ಮೇಲೆ ಬಾನಿಗೆ ಬಿಡಬಹುದು. ಮರಿ ಭೇದಿಯಾಗಿ ಸೊರಗಿದ್ದರೆ ಬರೀ ನೀರಿನ ಬದಲು ಓಆರ್‌ಎಸ್ ಕೊಡಿ. ಕರುಳಿನಲ್ಲಿ ಸಕ್ಕರೆ ಜೊತೆಗಿದ್ದರೆ ಉಪ್ಪು ಬೇಗ ಒಳಗೆ ಹೋಗುತ್ತದೆ, ಉಪ್ಪಿನ ಹಿಂದೆ ನೀರು. ಪ್ಯಾಕೆಟ್ ಸಿಗದಿದ್ದರೆ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಆರು ಚಿಕ್ಕ ಚಮಚ ಸಕ್ಕರೆ, ಅರ್ಧ ಚಿಕ್ಕ ಚಮಚ ಉಪ್ಪು, ಚಮಚದ ಬಾಯಿ ಸಮ ಮಾಡಿ ಹಾಕಿ. ಉಪ್ಪು ಒಂದು ಚೂರೂ ಜಾಸ್ತಿ ಆಗದಿರಲಿ. ಮರಿಯ ಕುತ್ತಿಗೆ ಚರ್ಮ ಚಿವುಟಿ ಎಳೆದು ಬಿಡಿ. ತಕ್ಷಣ ಕೂತರೆ ಪರವಾಗಿಲ್ಲ. ಎರಡು ಸೆಕೆಂಡಿಗಿಂತ ಹೆಚ್ಚು ಹೊತ್ತು ಗುಡಾರದಂತೆ ಎದ್ದೇ ನಿಂತು, ಕಣ್ಣೂ ಗುಳಿಬಿದ್ದಿದ್ದರೆ ಮನೆಮದ್ದು ಸಾಲದು, ಆಸ್ಪತ್ರೆಗೆ ಕರೆದೊಯ್ಯಿರಿ, ಸಲೈನ್ ಹಾಕಬೇಕಾಗುತ್ತದೆ.